ಹೆಚ್ಚಿನ ಎಂಟು ಪದ

“ಚಾಚ್ಲಾ ಬೆರಳ, ಬೋಳಿಮಗನೆ. ಅದೇನು ಕೈಯೋ, ಕೋಳಿ ಕಾಲೋ?”

ಠಾಣೆಯ ಮುಖ್ಯಸ್ಥ ಪಿಲ್‌ಬ್ರೋ ದೊರೆ ಹಾಗೆ ಕೂಗಿದಾಗ ಪಿನಾಂಗಿನ ನಮ್ಮ ಕಡಲತಂತಿ ಕಚೇರಿಯಲ್ಲಿ ಉಳಿದ ಹನ್ನೊಂದು ಜನರ ತಂತಿ ಒತ್ತುವ ಕೀಲಿಗಳೂ ಒಮ್ಮೆಗೇ ನಿಂತವು. ಬೈಸಿಕೊಂಡವನು ಸಿಪ್ರಿಯಾನೋ ಪೆಸ್ತಾನಾ, ನಮ್ಮೆಲ್ಲರಿಗಿಂತ ಹಿರಿಯ. ಹತ್ತೊಂಬತ್ತು ವರ್ಷ, ಚುಕ್ಕೆಗೊಂದು ಗೆರೆಗೊಂದು ಎಂಬ ಜೋಡಿ ಕೀಲಿಯ ಮುಂದೆ ಕೂತು, ಎರಡೇ ಬೆರಳಲ್ಲಿ ಲೋಕದ ಸುದ್ದಿಯನ್ನೆಲ್ಲ ಸಮುದ್ರದಾಚೆ ಮದರಾಸಿಗೆ ದಾಟಿಸಿದವನು. ಆ ಎರಡು ಬೆರಳೇ ಈಗ ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಬೇಕು, ಅನ್ನವನ್ನೂ ಅವಳೇ ಕಲಸಿ ತಿನ್ನಿಸಬೇಕು. ಒಂದು ತಿಂಗಳು ಕೈಗೆ ಬಿಡುವು ಕೊಡಿ ಎಂಬ ಅವನ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ, ಅವನಿಗೆ ಲೇಖನಿ ಹಿಡಿಯಲು ಆಗುತ್ತಿರಲಿಲ್ಲ. ತಿಂಗಳು ದುಡಿಯದ ಕೈ ನಮಗೆ ಎಂದೂ ಬೇಡ ಎಂದು ಪಿಲ್‌ಬ್ರೋ ಅದರ ಬೆನ್ನಿಗೆ ಗೀಚಿ ಕಳಿಸಿದ.

ದೊರೆಯ ಪಕ್ಕದಲ್ಲಿ ಪತ್ರಿಕೆಗಳ ಧಣಿಗಳು ಮೂವರು ನಿಂತಿದ್ದರು. ಅವರ ಮುಂದಾಳು ಹ್ಯಾಲೆಟ್. ಸುದ್ದಿತಂತಿಯ ದರವನ್ನು ಅರ್ಧಕ್ಕಿಳಿಸಿ ಎಂದು ನಾಲ್ಕು ತಿಂಗಳಿಂದ ಕಂಪನಿಯೊಡನೆ ಅವರ ಹಗ್ಗಜಗ್ಗಾಟ ನಡೆದಿತ್ತು. ದರ ಇಳಿದರೆ ಸುದ್ದಿ ಎರಡರಷ್ಟಾಗುತ್ತದೆ, ಇನ್ನೂ ಆರು ಜನ ಬೇಕಾಗುತ್ತದೆ, ಕೈಲಾಗದು ಎಂದು ಕಂಪನಿ ಪಟ್ಟು ಹಿಡಿದಿತ್ತು. ಆ ಆರು ಜನ ಬಂದರೆ ಪೆಸ್ತಾನನ ಕೈಗೆ ಬಿಡುವು ಸಿಕ್ಕಿ ಅದು ಉಳಿಯುತ್ತಿತ್ತು. ದರ ಇಳಿಯಲಿ ಎಂದು ಅವನು ಸಂತ ಅನ್ನಮ್ಮನಿಗೆ ಮೇಣದಬತ್ತಿ ಹಚ್ಚಿದ, ನಾನು ಮುರುಗನಿಗೆ ಕಾವಡಿ ಹರಸಿಕೊಂಡೆ.

ಕೆಡಿಸಿದ್ದು ನಾವೇ. ಹೋದ ವಾರ ಹ್ಯಾಲೆಟ್ ಗಡಿಯಾರ ಹಿಡಿದು ನಮ್ಮ ಬೆನ್ನ ಹಿಂದೆ ಬಂದು ನಿಂತ. ಹೊಸಬರು ಹಿಂದೆ ನಿಂತರೆ ನಮ್ಮವರ ಬೆರಳಿಗೆ ದೆವ್ವ ಮೆಟ್ಟುತ್ತದೆ. ನಿಧಾನದ ತಂತಿ ಠಾಣೆ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದು ಕಲಿಯುವಾಗಲೇ ಕಿವಿ ಹಿಂಡಿ ಹೇಳಿರುತ್ತಾರೆ. ಎರಡು ಗಂಟೆಯ ತಂತಿಗಳ ರಾಶಿಯನ್ನು ಒಂದೇ ಗಂಟೆಯಲ್ಲಿ ಕಡಲಿಗೆ ಸುರಿದೆವು. ಎಲ್ಲರಿಗಿಂತ ಮುಂದೆ ನಾನು, ಯಾಳ್ಪಾಣದಿಂದ ಬಂದ ವಲ್ಲಿಪುರಂ. ಹ್ಯಾಲೆಟ್ ನನ್ನ ಬೆನ್ನು ತಟ್ಟಿ, ಇಂಥ ಕುದುರೆಗಳಿರುವಾಗ ಆರು ಜನ ಯಾಕೆ ಎಂದು ದೊರೆಯನ್ನು ಕೇಳಿದ. ಬೆನ್ನು ತಟ್ಟಿದ್ದಕ್ಕೆ ನಾನು ಹಲ್ಲು ಕಿರಿದೆ. ಆ ನಗು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ. ದರ ಅರ್ಧವಾಯಿತು, ಕೆಲಸ ಎರಡರಷ್ಟಾಯಿತು, ಜನ ಅಷ್ಟೇ ಉಳಿದರು.

ಇವತ್ತು ಹೊಸ ದರದ ಮೊದಲ ತಂತಿ ಹೋಗಬೇಕು. ಹ್ಯಾಲೆಟ್ ತಾನೇ ಬರೆದ ಅರವತ್ತು ಪದ. ಇನ್ನು ಬಡವನ ಮನೆಗೂ ಲೋಕದ ಸುದ್ದಿ ಮುಟ್ಟುತ್ತದೆ ಎಂದು ಅದರಲ್ಲಿತ್ತು. ಹಿರಿಯವನೇ ಕಳಿಸಿದರೆ ಶೋಭೆ ಎಂದು ಧಣಿಗಳು ಬಯಸಿದ್ದರು.

“ವಲ್ಲಿಗೆ ಕೊಡಿ ದೊರೆ,” ಎಂದ ಪೆಸ್ತಾನಾ. “ಈ ಕೈ ನನ್ ಮಾತು ಕೇಳಾಕಿಲ್ಲ.”

“ನನ್ ಮಾತು ಕೇಳ್ತದೆ.”

ಪಿಲ್‌ಬ್ರೋ ಕಡತಕ್ಕೆ ಕಟ್ಟಿದ್ದ ಕೆಂಪು ಪಟ್ಟಿ ಬಿಚ್ಚಿದ. ಮಡಚಿದ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಡಿಸಿದ. ಗೆಣ್ಣು ಲಟಕ್ಕೆಂದದ್ದು ಕೋಣೆಗೆಲ್ಲ ಕೇಳಿಸಿತು. ಎರಡನ್ನೂ ಎರಡು ಕೀಲಿಗೆ ಬಿಗಿದು ಗಂಟು ಹಾಕಿದ. “ಅರೆಬೆರಕೆ ನನ್ಮಗ. ಅಪ್ಪ ಯಾರಂತ ಗೊತ್ತಿಲ್ದಿದ್ರೂ ಸಂಬಳ ಯಾವತ್ತಂತ ಗೊತ್ತಿರ್ತದೆ.”

ಹ್ಯಾಲೆಟ್ ಕಿಟಕಿಯತ್ತ ತಿರುಗಿ, ಸ್ವಲ್ಪ ಬೇಗ ಆದೀತೇ, ಊಟಕ್ಕೆ ಹೊತ್ತಾಯಿತು ಎಂದು ಮೆಲ್ಲಗೆ ಕೇಳಿದ.

ಪೆಸ್ತಾನಾ ಬೆರಳಿನಿಂದಲ್ಲ, ಭುಜದಿಂದ ಒತ್ತುತ್ತಿದ್ದ. ಮೂವತ್ತೆರಡನೆಯ ಪದಕ್ಕೆ ಕುರ್ಚಿಯಿಂದ ಉಚ್ಚೆ ತೊಟ್ಟಿಕ್ಕಿತು. ತಲೆ ಮೇಜಿಗೆ ಬಡಿಯಿತು. ನಾವು ಹನ್ನೊಂದು ಜನ ಗಂಡಸರು ಕಣ್ಣು ಬಿಟ್ಟುಕೊಂಡು ಕೂತಿದ್ದೆವು. ಪಿಲ್‌ಬ್ರೋ ಮೂಗು ಮುಚ್ಚಿಕೊಂಡು ಪಟ್ಟಿ ಕತ್ತರಿಸಿದ, ಕಾಲಿನಿಂದ ಅವನನ್ನು ನೆಲಕ್ಕೆ ತಳ್ಳಿ, ನನ್ನತ್ತ ಬೆರಳು ಮಾಡಿದ.

ಒದ್ದೆ ಕುರ್ಚಿಯಲ್ಲೇ ಕೂತೆ. ಉಳಿದ ಇಪ್ಪತ್ತೆಂಟು ಪದ ಕಳಿಸಿದೆ. ದೊರೆ ಧಣಿಗಳ ಲೋಟಕ್ಕೆ ವಿಸ್ಕಿ ಸುರಿಯುವುದರಲ್ಲಿ ಮುಳುಗಿದ್ದ. ನಾನು ನಿಲ್ಲಲಿಲ್ಲ, ಮುಂದಕ್ಕೂ ಒತ್ತಿದೆ: ದರ ಇಳಿಸಲು ಪೆಸ್ತಾನಾ ಎಂಬ ನೌಕರನ ಬೆರಳುಗಳನ್ನು ಕೀಲಿಗೆ ಕಟ್ಟಿದರು.

ತಂತಿಯ ತಲೆಯಲ್ಲೇ ಪದ ಎಷ್ಟೆಂದು ಹೇಳಿರುತ್ತೇವೆ. ಎಣಿಕೆ ತಪ್ಪಿದರೆ ಮುಂದಿನ ಠಾಣೆ ಬಿಡುವುದಿಲ್ಲ. ಮದರಾಸಿನ ಪ್ರಶ್ನೆ ಕಾಗದದ ಪಟ್ಟಿಯ ಮೇಲೆ ಶಾಯಿಯ ಗೆರೆಯಾಗಿ ಮೂಡಿತು: ಅರವತ್ತು ಎಂದಿರಿ, ಅರವತ್ತೆಂಟು ಬಂದಿದೆ. ಹೆಚ್ಚಿನ ಎಂಟು ಪದ ಯಾರ ಲೆಕ್ಕಕ್ಕೆ?

ತಂತಿ ತಲುಪಿತೇ ಎಂದು ನೋಡಲು ಬಂದ ಪಿಲ್‌ಬ್ರೋ ಅದನ್ನು ಓದಿದ. ಆಮೇಲೆ ಅದೇ ಪಟ್ಟಿಯಲ್ಲಿ ಮೂಡಿದ್ದ ನನ್ನ ಎಂಟು ಪದವನ್ನೂ ಓದಿದ.

“ತಪ್ಪಾಯ್ತು, ಎಂಟೂ ಹೊಡೆದಾಕಿ ಅಂತ ಒತ್ತೋ, ಸೂಳೆಮಗನೆ.”

ನೆಲದ ಮೇಲಿಂದ ಪೆಸ್ತಾನನ ದನಿ ಬಂತು. “ಅವ್ರು ಹೇಳ್ದಂಗೆ ಒತ್ಬುಡ್ಲಾ ವಲ್ಲಿ. ನಿಂಗೂ ಮಕ್ಳವೆ.”

ಮಕ್ಕಳು ಕಣ್ಣ ಮುಂದೆ ಬಂದರು, ಇಲ್ಲವೆನ್ನಲಾರೆ. ತಪ್ಪಿಲ್ಲ, ನನ್ನ ಲೆಕ್ಕಕ್ಕೆ ಎಂದು ಒತ್ತಿ, ನನ್ನ ಹೆಸರನ್ನು ಶುರು ಮಾಡಿದೆ. ಮೂರನೆಯ ಅಕ್ಷರಕ್ಕೆ ದೊರೆಯ ರೂಲುದೊಣ್ಣೆ ನನ್ನ ಬಲಗೈ ಗೆಣ್ಣಿನ ಮೇಲೆ ಬಿತ್ತು. ಉಳಿದದ್ದನ್ನು ಎಡಗೈಯಲ್ಲಿ ಒತ್ತಿದೆ.