ಟುವಾಲಿನ ಕೆಳಗೆ

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮುಟ್ಟಲೇಬಾರದು. ತಪ್ಪಾದರೆ ಗಳಿಸಿದ ಅಂಕವೂ ಹೋಗುತ್ತದೆ. ಬಿಟ್ಟರೆ ಏನೂ ಹೋಗುವುದಿಲ್ಲ. ಹುಬ್ಬಳ್ಳಿಯ ಕೋಚಿಂಗಿನಲ್ಲಿ ವರ್ಷವಿಡೀ ಕೂತು ಶೈಲಶ್ರೀ ಗಟ್ಟಿಯಾಗಿ ಕಲಿತದ್ದು ಇದೊಂದೇ ಇರಬೇಕು. ಬೆಳಿಗ್ಗೆ ಅವ್ವ ಸುಶೀಲವ್ವ, ಎಂಬಿಎ ಪ್ರವೇಶ ಪರೀಕ್ಷೆ ಮತ್ತೊಮ್ಮೆ ಬರೆಯುತ್ತೀಯೋ ಇಲ್ಲವೋ ಇವತ್ತು ಹೇಳಿಬಿಡು ಎಂದಾಗಲೂ ಅವಳು ಆ ಪ್ರಶ್ನೆಯನ್ನು ಬಿಟ್ಟು ಮುಂದಕ್ಕೆ ಹೋದಳು. ಅಪ್ಪ ಬುತ್ತಿ ಮರೆತು ಹಾವೇರಿ ಸಂತೆಗೆ ಹೋಗಿದ್ದಾನೆ, ತಾನೇ ಕೊಟ್ಟು ಬರುತ್ತೇನೆ ಎಂದಳು.

ರಾಣೆಬೆನ್ನೂರಿನಿಂದ ಹಾವೇರಿಗೆ ಹೊರಟ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ಬ್ಯಾಡಗಿ ಕಡೆಯ ಮೆಣಸಿನಕಾಯಿ ಚೀಲಗಳು ಮೇಲೇರಿದವು. ಕಂಡಕ್ಟರನಿಂದ ಹಿಡಿದು ಕೂಸಿನವರೆಗೆ ಎಲ್ಲರೂ ಸೀನಿದರು. ಸೀನುತ್ತಲೇ ಜನ ಒಬ್ಬರನ್ನೊಬ್ಬರು ನೋಡಿ ನಕ್ಕರು. ಶೈಲಶ್ರೀಗೂ ಸೀನು ಬಂತು, ನಗು ಬರಲಿಲ್ಲ.

ನಾಳೆ ಹುಬ್ಬಳ್ಳಿಯಲ್ಲಿ ಹೊಸ ತಂಡದ ಪಾಠ ಶುರು. ಇತ್ತ ಗೆಳತಿ ಶ್ರೀದೇವಿ, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವ ಕೆಲಸವಿದೆ, ಬೇಕೋ ಬೇಡವೋ ಹೇಳು ಎಂದು ಮೂರು ಸಲ ಫೋನು ಮಾಡಿದ್ದಳು. ಅತ್ತ ದರಿ ಇತ್ತ ಪುಲಿ ಎನ್ನುವಷ್ಟು ದೊಡ್ಡ ಸಂಕಟವೂ ಇದಲ್ಲ. ದರಿಯೂ ಬೇಡ, ಪುಲಿಯೂ ಬೇಡ ಎಂದು ಹೇಳುವ ಧೈರ್ಯವಿಲ್ಲ, ಅಷ್ಟೆ.

ಕೋಚಿಂಗಿನಲ್ಲಿ ಸಂದರ್ಶನದ ತಾಲೀಮು ಮಾಡಿಸುವಾಗ, ನಿಮಗೆ ಎಂಬಿಎ ಯಾಕೆ ಬೇಕು ಎಂದು ಕೇಳುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ತಡವರಿಸದೆ ಹೇಳುತ್ತಿದ್ದಳು. ಒಮ್ಮೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅದನ್ನೇ ಕನ್ನಡದಲ್ಲಿ ಹೇಳಲು ಹೋದರೆ ಬಾಯಿಗೆ ಏನೂ ಬರಲಿಲ್ಲ. ಬೇಕು ಎನ್ನುವವಳು ಬೇರೆ ಯಾರೋ ಇದ್ದಂತಿತ್ತು.

ಅಪ್ಪ ಒಂದು ಮಾತೂ ಕೇಳಿರಲಿಲ್ಲ. ಹಾಲಸಿದ್ದಪ್ಪ ದನದ ಸಂತೆಯ ದಲ್ಲಾಳಿ. ಸಂತೆಯಲ್ಲಿ ಅರಳು ಹುರಿದಂತೆ ಮಾತಾಡುವವನು ಮನೆಯ ಹೊಸ್ತಿಲು ದಾಟಿದರೆ ಮೂಗ. ಫಲಿತಾಂಶ ಬಂದು ಸೀಟು ಕೈತಪ್ಪಿದ ದಿನ ಮಂಡಕ್ಕಿ-ಮಿರ್ಚಿ ತಂದು, ಅವಳ ಎದುರು ಕೂತು, ಇಬ್ಬರ ಪಾಲಿನದನ್ನೂ ಕಲಸಿ, ಮಿರ್ಚಿಯೊಳಗಿನ ಖಾರದ ಬೀಜ ತೆಗೆದು ಅವಳ ಕಡೆ ಸರಿಸಿದ್ದ. ಆಗ ಅಳಬೇಕಿತ್ತು. ಅವಳು ಥ್ಯಾಂಕ್ಸ್ ಎಂದಿದ್ದಳು. ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಸಂತೆಯಲ್ಲಿ ಅಪ್ಪ ಒಂದು ಜೋಡಿ ಖಿಲಾರಿ ಎತ್ತಿನ ವ್ಯಾಪಾರ ಮುಗಿಸುತ್ತಿದ್ದ. ಇಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟುವಾಲು ಹೊದಿಸಿ, ಒಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದು. ಹಿಡಿಯುವಾಗ ಒಬ್ಬರ ಮುಖ ಒಬ್ಬರು ನೋಡಬಾರದು, ಅದು ಮರ್ಯಾದೆ.

ಬೇವಿನ ನೆರಳಿನಲ್ಲಿ ರೊಟ್ಟಿ ತಿಂದು ಅಪ್ಪ ಕೈ ತೊಳೆದ. ಎದ್ದು ನಿಂತು ಅತ್ತಿತ್ತ ನೋಡಿದ.

"ಮನ್ಯಾಗ ಕೇಳಾಕ ನನಗ ಬಾಯಿ ಬರಲಿಲ್ಲ ಯವ್ವಾ," ಎಂದ. "ನಿಮ್ಮವ್ವ ಎದುರಿಗಿದ್ರ ನೀನೂ ಖರೇ ಹೇಳಂಗಿಲ್ಲ."

ಹೆಗಲ ಮೇಲಿನ ಟುವಾಲು ತೆಗೆದು ತನ್ನ ಬಲಗೈ ಮೇಲೆ ಹೊದಿಸಿಕೊಂಡ.

"ಬರಿಯೂದಾದ್ರ ಒಂದ ಬೆರಳ ಹಿಡಿ. ಸಾಕಾಗಿದ್ರ ಎರಡ ಹಿಡಿ. ಯಾಕಂತ ನಾ ಕೇಳಂಗಿಲ್ಲ."

ಅವಳಿಗೆ ನಗು ಬಂತು. ಅಪ್ಪ ನಗಲಿಲ್ಲ, ಆಗಲೇ ಮುಖ ಆಚೆ ತಿರುಗಿಸಿ ಎತ್ತುಗಳನ್ನು ನೋಡುತ್ತಿದ್ದ. ಅವಳು ಕೈ ಒಳಗೆ ಹಾಕಿದಳು.

ಟುವಾಲಿನ ಕೆಳಗೆ ಬೆಚ್ಚಗಿತ್ತು. ಹಗ್ಗ ಜಗ್ಗಿ ಜಗ್ಗಿ ಅಪ್ಪನ ಅಂಗೈ ದಡ್ಡುಗಟ್ಟಿತ್ತು. ಈ ಕೈಯನ್ನು ಕಡೆಯ ಸಲ ಹಿಡಿದದ್ದು ಯಾವ ತರಗತಿಯಲ್ಲಿದ್ದಾಗ? ತೋರುಬೆರಳು ಸಿಕ್ಕಿತು, ಬಿಟ್ಟಳು. ಎರಡು ಬೆರಳು ಸಿಕ್ಕವು, ಅವನ್ನೂ ಬಿಟ್ಟಳು. ಅಪ್ಪ ಮುಖ ತಿರುಗಿಸಿಕೊಂಡು ಕಾಯುತ್ತಲೇ ಇದ್ದ. ಇಷ್ಟು ಮರ್ಯಾದೆಯಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಆದರೆ ಹೇಳಲು ತನ್ನೊಳಗೆ ಏನೂ ಇರಲಿಲ್ಲ. ಇಡೀ ಕೈಯನ್ನೇ ಗಟ್ಟಿಯಾಗಿ ಹಿಡಿದುಬಿಟ್ಟಳು.

ಸಂತೆಯ ಲೆಕ್ಕದಲ್ಲಿ ಅದು ಐದು.

"ಹಂಗಲ್ಲ ಯವ್ವಾ," ಅಪ್ಪ ಮೆಲ್ಲಗೆ ಹೇಳಿದ. "ಒಂದೋ, ಎರಡೋ."

ಅವಳು ಬಿಡಲಿಲ್ಲ. ಅವನೂ ಕೈ ಎಳೆದುಕೊಳ್ಳಲಿಲ್ಲ.

ವ್ಯಾಪಾರ ಹೆಚ್ಚು ಹೊತ್ತು ಹಿಡಿದರೆ ಸಂತೆಯಲ್ಲಿ ಜನ ಕೂಡುತ್ತಾರೆ. ಎತ್ತು ಕೊಳ್ಳಲು ಬಂದಿದ್ದ ಕುತುಬುದ್ದೀನ ಅಡಿಕೆ ಅಗಿಯುತ್ತ ಬಂದು ನಿಂತ. ಅವನನ್ನು ನೋಡಿ ಇನ್ನಿಬ್ಬರು ಬಂದರು.

"ದನಾ ಯಾವ್ದೋ ಹಾಲಸಿದ್ದಪ್ಪಾ?" ಕುತುಬುದ್ದೀನ ಕೇಳಿದ. "ಕಾಣವಲ್ದು."

ಕುತುಬುದ್ದೀನ ಅಪ್ಪನ ಹಿಂದೆ ನೋಡಿದ. ಆಮೇಲೆ ಎಲ್ಲರೂ ಶೈಲಶ್ರೀಯ ಹಿಂದೆ ಬಗ್ಗಿ ನೋಡಿದರು. ಅಲ್ಲಿ ನೆಲದಲ್ಲಿ ಒಂದು ಗೂಟವಿತ್ತು, ಅದಕ್ಕೆ ಏನೂ ಕಟ್ಟಿರಲಿಲ್ಲ.