ಕಟ್ಟೆ ಮಾಡಿಸಿದರೆ ಕಾಲುಮಣೆ ಉಚಿತ

ಆ ಬೀದಿಯ ಹೆಂಗಸರಿಗೆಲ್ಲ ನೋವು ಒಂದೇ ಜಾಗದಲ್ಲಿ. ಬಲಭುಜ. ಒಬ್ಬರು ವಯಸ್ಸು ಅಂದರು, ಇನ್ನೊಬ್ಬರು ಚಳಿಗಾಳಿ ಅಂದರು, ಮೂಲೆಮನೆಯ ಅಜ್ಜಿ ದಿಂಬಿನ ಮೇಲೆ ಗೂಬೆ ಕೂರಿಸಿ ಮೂರು ದಿಂಬು ಬದಲಾಯಿಸಿದರು. ಸಂಜೆ ಬಾಗಿಲಲ್ಲಿ ನಿಂತು ಮಾತಾಡುವಾಗ ಎಲ್ಲರ ಎಡಗೈಯೂ ತಾನಾಗಿ ಬಲಭುಜಕ್ಕೆ ಹೋಗುತ್ತಿತ್ತು. ನೋವಿನ ಕಥೆ ಹಂಚಿಕೊಂಡರು, ಮುಲಾಮಿನ ಡಬ್ಬಿಯನ್ನೂ ಹಂಚಿಕೊಂಡರು. ಅಷ್ಟೂ ಮನೆಗಳ ಅಡುಗೆ ಕಟ್ಟೆ ಮಾಡಿದ್ದು ಒಬ್ಬನೇ ಬಡಗಿ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಬಡಗಿಯ ತಲೆಗಂತೂ ಇಲ್ಲವೇ ಇಲ್ಲ.

ಬಡಗಿ ಒಳ್ಳೆಯ ಮನುಷ್ಯ. ಕೆಲಸದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಸಹಿಸುವವನಲ್ಲ. ಅವನ ಹತ್ತಿರ ಒಂದು ಅಳತೆಗೋಲಿತ್ತು, ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟದ್ದು. ಅದರಲ್ಲಿ ಮೂರು ಗೀರು: ಕುರ್ಚಿಗೊಂದು, ಮೇಜಿಗೊಂದು, ಅಡುಗೆ ಕಟ್ಟೆಗೊಂದು. ಮರದ ಕಟ್ಟೆ, ನಾಲ್ಕು ದಪ್ಪ ಕಾಲು, ಎತ್ತರ ಮೂರನೇ ಗೀರಿನಷ್ಟು. ಯಾರ ಮನೆಗಾದರೂ ಅದೇ.

ಮದುವೆಯಾದ ಹೊಸದರಲ್ಲಿ ಹೆಂಡತಿ ಒಲೆಯ ಮುಂದೆ ತುದಿಗಾಲಲ್ಲಿ ನಿಂತದ್ದು ನೋಡಿ ಅವನ ಕರುಳು ಚುರ್ ಎಂದಿತ್ತು. ಆವತ್ತೇ ಕೂತು ಅವಳ ಪಾದಕ್ಕೊಂದು ಕಾಲುಮಣೆ ಮಾಡಿದ, ಮೂಲೆಯಲ್ಲೊಂದು ಹೂವನ್ನೂ ಕೆತ್ತಿದ. ಒಂದು ದಿನ ಅವಳು ಕುದಿಯುವ ಪಾತ್ರೆ ಹಿಡಿದು ಮಣೆಯ ಅಂಚು ಮರೆತು ಹಿಂದೆ ಹೆಜ್ಜೆಯಿಟ್ಟಳು. ಮುಂಗೈ ಸುಟ್ಟಿತು. ಬಡಗಿ ಊಟ ಬಿಟ್ಟು ಮಣೆಯನ್ನು ಇನ್ನೂ ಅಗಲ ಮಾಡಿದ, ಅಂಚಿಗೆ ರಬ್ಬರು ಬಡಿದ. ಅಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಹೇಳಿ! ಆಮೇಲೆ ಮನೆಗೆ ಅಂಟಿಕೊಂಡ ಅವನ ಅಂಗಡಿಯ ಮುಂದೆ ಬೋರ್ಡೇ ಬಂತು: ‘ಅಡುಗೆ ಕಟ್ಟೆ ಮಾಡಿಸಿದವರಿಗೆ ಕಾಲುಮಣೆ ಉಚಿತ.’

ಅವನಿಗೆ ಒಬ್ಬಳೇ ಮಗಳು. ಮಾತು ಬಂದ ದಿನದಿಂದ ‘ಯಾಕೆ’ ಎಂದು ಕೇಳಿ ಕೇಳಿ ಬೀದಿಯವರ ಬಾಯಲ್ಲಿ ಯಾಕಮ್ಮ ಆಗಿದ್ದಳು. ಹನ್ನೆರಡನೇ ತರಗತಿ ಮುಗಿಸಿದ ಯಾಕಮ್ಮ ಆ ದಿನ ಮಧ್ಯಾಹ್ನ ಕಾಲೇಜಿನ ಅರ್ಜಿ ತಂದು ಅಪ್ಪನ ಮುಂದೆ ಇಟ್ಟಳು.

“ಇಲ್ಲೊಂದು ಸಹಿ ಹಾಕಪ್ಪ. ಇವತ್ತು ಸಂಜೆ ಐದಕ್ಕೆ ಕೊನೆ.”

ಬಡಗಿ ಕನ್ನಡಕ ಏರಿಸಿ ಓದಿದ. ವಾಣಿಜ್ಯ ಎಂದಿರಬೇಕಾದ ಕಡೆ ಬೇರೇನೋ ಇತ್ತು.

“ಲಿಂಗತ್ವ ಅಧ್ಯಯನ? ಹಾಗಂದ್ರೆ?”

“ಜೆಂಡರ್ ಸ್ಟಡೀಸ್ ಅಪ್ಪ. ಗಂಡಸು ಅಂದ್ರೆ ಹೀಗೇ ಇರಬೇಕು, ಹೆಂಗಸು ಅಂದ್ರೆ ಹಾಗೇ ಇರಬೇಕು ಅಂತೀವಲ್ಲ, ಅದೆಲ್ಲ ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನಾಗ್ತಿದೆ ಅಂತ ಓದೋದು.”

ಬಡಗಿ ಅಡುಗೆಮನೆಯ ಕಡೆ ತಿರುಗಿ ಕೂಗಿದ. “ಕೇಳಿದ್ಯೇನೇ? ಗಂಡು ಯಾರು, ಹೆಣ್ಣು ಯಾರು ಅಂತ ಗೊತ್ತು ಮಾಡ್ಕೊಳ್ಳೋಕೆ ನಿನ್ನ ಮಗಳಿಗೆ ಮೂರು ವರ್ಷ ಬೇಕಂತೆ!”

ಒಳಗಿಂದ ಪಾತ್ರೆ ಕುಕ್ಕಿದ ಸದ್ದು ಬಂತು.

“ಅದೊಂದೇ ಅಲ್ಲಪ್ಪ. ಇತಿಹಾಸ ಇದೆ, ಅರ್ಥಶಾಸ್ತ್ರ ಇದೆ, ಕಾನೂನು, ಆರೋಗ್ಯ, ಸಾಹಿತ್ಯ ಎಲ್ಲಾ ಇದೆ.”

“ಅಲ್ಲೇ ಇರೋದು ನೋಡು ಎಡವಟ್ಟು. ಹತ್ತು ಕಡೆ ಕೈ ಹಾಕಿದ್ರೆ ಯಾವ ಕೆಲಸ ಕೈಗೆ ಹತ್ತುತ್ತೆ? ಒಂದನ್ನ ಗಟ್ಟಿಯಾಗಿ ಕಲಿ.”

“ನೀನು ಬಾಗಿಲು ಮಾಡುವಾಗ ಮರ ಒಂದನ್ನೇ ನೋಡ್ತೀಯಾ? ಗೋಡೆ ನೋಡ್ತೀಯ, ಮಳೆ ಎರಚಲು ಎತ್ತಲಿಂದ ಬರುತ್ತೆ ನೋಡ್ತೀಯ, ಕಬ್ಬಿಣ ನೋಡ್ತೀಯ. ಇಷ್ಟೆಲ್ಲ ನೋಡೋದು ಒಂದು ಬಾಗಿಲಿಗೆ ತಾನೇ?”

ಬಡಗಿಗೆ ಮಾತು ಇಷ್ಟವಾಯಿತು. ಒಪ್ಪಿಕೊಂಡರೆ ಸಹಿ ಹಾಕಬೇಕಾಗುತ್ತದಲ್ಲ ಎಂದು ಮುಖ ಗಂಟು ಹಾಕಿಕೊಂಡ. “ಈ ಓದಿಗೆ ನನ್ನ ಸಹಿ ಇಲ್ಲ,” ಎಂದು ಅರ್ಜಿಯನ್ನು ಉಳಿಯ ಕೆಳಗೆ ತುರುಕಿದ. ಯಾಕಮ್ಮ ಅಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕೂತಳು. ಇಷ್ಟು ವರ್ಷ ಕೇಳಿದ ಪ್ರಶ್ನೆಗಳಿಗೆಲ್ಲ ಒಂದು ಮನೆ ಇದೆ ಎಂದು ಈಗ ತಾನೇ ತಿಳಿದವಳು ಅವಳು. ಆ ಮನೆಯ ಬಾಗಿಲು ಸಂಜೆ ಐದಕ್ಕೆ ಮುಚ್ಚುವುದಿತ್ತು.

ಅಷ್ಟರಲ್ಲಿ ಎದುರು ಮನೆಯ ನರ್ಸಕ್ಕ ಬಂದರು. ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದವರು, ಬೀದಿಯ ಭುಜನೋವಿಗೆಲ್ಲ ಮುಲಾಮು ಹೇಳಿದವರೂ ಅವರೇ. ಹೊಸ ಅಡುಗೆ ಕಟ್ಟೆ ಮಾಡಿಸಬೇಕಿತ್ತು. ತಂದೆಯ ಮುಖ ನೋಡಿದರು, ಮಗಳ ಮುಖ ನೋಡಿದರು, ಉಳಿಯ ಕೆಳಗಿನ ಕಾಗದವನ್ನೂ ಕಂಡರು.

“ನೀವಾದ್ರೂ ಬುದ್ಧಿ ಹೇಳಿ ನರ್ಸಕ್ಕ,” ಎಂದ ಬಡಗಿ. “ಇದನ್ನ ಓದಿದ್ರೆ ಹೊಟ್ಟೆ ತುಂಬುತ್ತಾ?”

“ಯಾವ ಓದೂ ಕೆಲಸವನ್ನ ತಟ್ಟೆಯಲ್ಲಿಟ್ಟು ಕೊಡಲ್ಲ ಅಣ್ಣ. ಆದ್ರೆ ಇದನ್ನ ಓದಿದ ಹುಡುಗಿಯೊಬ್ಬಳು ನಮ್ಮ ಆಸ್ಪತ್ರೆಗೇ ಬಂದಿದ್ದಾಳೆ. ಒಂದು ದಿನ ಜ್ವರದಿಂದ ನಡುಗ್ತಾ ಟ್ರಾನ್ಸ್‌ಜೆಂಡರ್ ಒಬ್ಬರು ಬಂದ್ರು. ಗಂಡಸರ ವಾರ್ಡಿನವರು ಇಲ್ಲಿ ಬೇಡ ಅಂದ್ರು, ಹೆಂಗಸರ ವಾರ್ಡಿನವರೂ ಬೇಡ ಅಂದ್ರು. ಎರಡು ಗಂಟೆ ಕಾರಿಡಾರಿನಲ್ಲೇ ಮಲಗಿದ್ರು ಪಾಪ. ನಾವೆಲ್ಲ ನೋಡ್ತಾನೇ ಇದ್ವಿ. ಈ ಹುಡುಗಿ ಕಾನೂನು ಏನು ಹೇಳುತ್ತೆ, ಡಾಕ್ಟರು ಏನು ಮಾಡಬೇಕು, ಆ ಮನುಷ್ಯರಿಗೆ ಏನು ಬೇಕು ಅಂತ ಎಲ್ಲ ಸೇರಿಸಿ ಒಂದು ನಿಯಮ ಬರೆದಳು. ಈಗ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲ್ಲ. ಅವಳ ಜೊತೆ ಓದಿದವರು ಒಬ್ಬರು ಪತ್ರಿಕೆಯಲ್ಲಿದ್ದಾರೆ, ಒಬ್ಬ ಹುಡುಗ ವಕೀಲಿಕೆ ಓದೋಕೆ ಹೋದ.”

“ಹುಡುಗ? ಗಂಡು ಹುಡುಗ ಇದನ್ನ ಓದ್ತಾನಾ?”

“ಯಾಕೆ, ಗಂಡಸರಿಗೆ ಸಂಬಂಧ ಇಲ್ವಾ? ನಿಮ್ಮ ಬೆರಳು ಎಲ್ಲಿ ಅಣ್ಣ?”

ಬಡಗಿ ತನ್ನ ಎಡಗೈ ನೋಡಿಕೊಂಡ. ಉಂಗುರದ ಬೆರಳು ಅರ್ಧವೇ ಇತ್ತು. ಹದಿನಾರನೇ ವಯಸ್ಸಿನಲ್ಲಿ ಮೊಳೆ ಚುಚ್ಚಿದಾಗ ಮೇಸ್ತ್ರಿ, “ಗಂಡಸಾಗಿ ಇಷ್ಟಕ್ಕೆಲ್ಲ ಮುಖ ಸಣ್ಣಗೆ ಮಾಡ್ತೀಯಲ್ಲೋ,” ಎಂದಿದ್ದರು. ಅವನು ನಾಲ್ಕು ದಿನ ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟ. ಐದನೇ ದಿನ ಕೀವು ತುಂಬಿದ ಬೆರಳನ್ನು ಡಾಕ್ಟರು ಅರ್ಧಕ್ಕೆ ತೆಗೆದರು.

“ಅದು ಬಿಡಿ,” ಎಂದ. ಮಾತು ತಿರುಗಿಸಲು ಅಳತೆಗೋಲು ತೆಗೆದ. “ನಿಮ್ಮ ಕಟ್ಟೆ ಮಾಡೋಣ. ಕಾಲುಮಣೆ ಉಚಿತ.”

“ಕಾಲುಮಣೆ ಯಾಕೆ?”

“ನೀವು ಕುಳ್ಳಗಿದ್ದೀರಲ್ಲ.”

“ಯಾರಿಗಿಂತ?” ಎಂದು ನರ್ಸಕ್ಕ ನಗುತ್ತಲೇ ಕೇಳಿದರು. “ಯೋಚನೆ ಮಾಡಿ ಹೇಳಿ ಅಣ್ಣ. ನನಗೇನೂ ಅವಸರ ಇಲ್ಲ. ಇವಳಿಗಿದೆ.” ಹಾಗೆಂದು ಎದ್ದು ಹೋದರು.

ಊಟವಾದ ಮೇಲೆ ಮರದ ಸುರುಳಿಗಳ ರಾಶಿಗೆ ಒರಗುವುದು ಬಡಗಿಯ ರೂಢಿ. ಕಿಟಕಿಯ ಬಿಸಿಲಲ್ಲಿ ಮರದ ಹುಡಿ ತೇಲುತ್ತಿತ್ತು. ಮೇಲೆ ಹೋಗುತ್ತಿತ್ತೋ ಕೆಳಗೆ ಬರುತ್ತಿತ್ತೋ ಹೇಳಲಾಗದಷ್ಟು ನಿಧಾನ. ಹೊಸ ಮರದ ಸಿಹಿ ವಾಸನೆ, ದೂರದಲ್ಲೆಲ್ಲೋ ನೀರು ತುಂಬುವ ಸದ್ದು. ಯಾರಿಗಿಂತ, ಯಾರಿಗಿಂತ ಎಂದುಕೊಳ್ಳುತ್ತಲೇ ಅವನ ಕಣ್ಣಿಗೆ ಜೋಂಪು ಹತ್ತಿತು.

ಕನಸಿನಲ್ಲಿ ಅವನು ಅದೇ ಬೀದಿಯಲ್ಲಿ ನಡೆಯುತ್ತಿದ್ದ. ಅವನು ಮಾಡಿದ ಬಾಗಿಲುಗಳೆಲ್ಲ ತಾವಾಗಿಯೇ ತೆರೆದುಕೊಂಡವು. ಮೊದಲ ಮನೆಯ ಕಟ್ಟೆ ಅವನ ಎದೆಯವರೆಗಿತ್ತು. ಎರಡನೆಯದು ಗಲ್ಲದವರೆಗೆ. ಮೂರನೆಯ ಮನೆಯಲ್ಲಿ ಪಾತ್ರೆಯೊಳಗೆ ಏನಿದೆ ಎಂದೇ ಕಾಣಲಿಲ್ಲ, ಹಬೆ ಮಾತ್ರ ಮೋಡವಾಗಿ ಮೇಲೇರುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಾಗಿಲಷ್ಟು ಎತ್ತರವಾಗಿ ಬೆಳೆದು ಆರಾಮಾಗಿ ಚಹಾ ಕುಡಿಯುತ್ತಿದ್ದರು. ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. “ಪಾಪ, ಎಟುಕಲ್ಲ,” ಎಂದರು. ಮೂಲೆಮನೆಯ ಅಜ್ಜಿ ಅಕ್ಕರೆಯಿಂದ ಒಂದು ಕಾಲುಮಣೆ ತಂದಿಟ್ಟರು. “ತಗೋ ಮಗಾ, ಉಚಿತ.” ಹತ್ತಿದ. ಸಾಲಲಿಲ್ಲ. ಇನ್ನೊಂದು ಇಟ್ಟರು. ಅದರ ಮೂಲೆಯಲ್ಲೂ ಹೂವಿತ್ತು. ಅವನ ಬಲಭುಜ ಹಿಂಡಿದಂತೆ ನೋಯತೊಡಗಿತು. ಕೈ ಚಾಚಿದರೆ ಕಳೆದುಹೋದ ಬೆರಳು ಪೂರ್ತಿಯಾಗಿ ಬಂದು ಕೂತಿತ್ತು, ಹದಿನಾರರ ಬೆರಳು, ಮೊಳೆ ಚುಚ್ಚಿದ ಕೆಂಪು ಚುಕ್ಕೆಯ ಸಮೇತ. “ನೋವಾಗ್ತಿದೆ,” ಎಂದು ಕನಸಿನಲ್ಲಿ ಹೇಳಿಯೇಬಿಟ್ಟ. ಹೇಳಿ ಒಂದು ಹೆಜ್ಜೆ ಹಿಂದಿಟ್ಟ. ಅಲ್ಲಿ ಮಣೆ ಇರಲಿಲ್ಲ.

ಬೆಚ್ಚಿ ಎದ್ದಾಗ ಗಡಿಯಾರದಲ್ಲಿ ಮೂರೂವರೆ.

ಅಡುಗೆಮನೆಗೆ ಹೋದ. ಹೆಂಡತಿ ಕಟ್ಟೆಯ ತುದಿಯಲ್ಲಿ ನಿಂತು ತರಕಾರಿ ಹೆಚ್ಚುತ್ತಿದ್ದಳು. ಕಾಲುಮಣೆ ಇದ್ದದ್ದು ಒಲೆಯ ಮುಂದೆ ಮಾತ್ರ. ಈ ತುದಿಯಲ್ಲಿ ಅವಳ ಬಲಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಇಪ್ಪತ್ತು ವರ್ಷ ದಿನವೂ ಕಂಡದ್ದನ್ನು ಬಡಗಿ ಆಗ ನೋಡಿದ.

“ಕೈ ಇಳಿಸು. ಅಳತೆ ತಗೋಬೇಕು.”

“ಯಾವುದರದ್ದು ರೀ?”

“ನಿನ್ನದು.”

“ಅಬ್ಬಾ! ಈಗ ನೆನಪಾಯ್ತಾ?” ಎಂದು ಅವಳು ನಕ್ಕಳು. ಅವನು ನಗಲಿಲ್ಲ. ನೆಲದಿಂದ ಅವಳ ಮೊಣಕೈಗೆ ಕೋಲು ಹಿಡಿದ. ಮೂರನೇ ಗೀರು ಮೊಣಕೈಗಿಂತ ಎಷ್ಟೋ ಮೇಲಿತ್ತು. ತನ್ನ ಮೊಣಕೈಗೆ ಹಿಡಿದು ನೋಡಿದ, ಸರಿಹೋಯಿತು. ಮೇಸ್ತ್ರಿಯೂ ಅವನಷ್ಟೇ ಎತ್ತರ. ಮೇಸ್ತ್ರಿ ಜೀವಮಾನದಲ್ಲಿ ಒಂದು ದಿನ ಒಲೆ ಹಚ್ಚಿದವರಲ್ಲ.

“ನೋವಿದ್ರೆ ಹೇಳಬಾರದಿತ್ತಾ?”

“ಹೇಳಿದ್ದೆನಲ್ಲ. ನೀವು ಕಾಲುಮಣೆ ಮಾಡಿಕೊಟ್ರಿ. ಹೂವು ಬೇರೆ ಕೆತ್ತಿದ್ರಿ.” ಅವಳು ಚಾಕು ಕೆಳಗಿಟ್ಟಳು. “ನಾನೂ ಖುಷಿಪಟ್ಟೆ. ನನ್ನ ಎತ್ತರವೇ ತಪ್ಪು ಅಂದ್ಕೊಂಡಿದ್ದೆ ರೀ.”

ಬಡಗಿಗೆ ಕಣ್ಣು ತುಂಬಿ ಬಂತು. ಜೇಬಿಗೆ ಕೈ ಹಾಕಿ ಮುಖ ತಿರುಗಿಸುವುದು ಅವನ ಹಳೆಯ ಚಾಳಿ. ಈ ಸಲ ತಿರುಗಿಸಲಿಲ್ಲ. ಹೆಂಡತಿಯ ಮುಂದೆಯೇ ಅತ್ತ.

ಆಮೇಲೆ ಮಗಳನ್ನು ಕರೆದ. “ಯಾಕಮ್ಮ, ಬಾ. ಒಂದು ಕಡೆ ಹಿಡಿ.”

ಒಲೆ ಇಳಿಸಿದರು, ಪಾತ್ರೆ ಇಳಿಸಿದರು, ಕಟ್ಟೆಯನ್ನು ಅಡ್ಡ ಮಲಗಿಸಿದರು. ಬಡಗಿ ಗರಗಸ ಹಿಡಿದು ನಾಲ್ಕೂ ಕಾಲುಗಳಿಂದ ಆರಾರು ಬೆರಳಗಲ ಕೊಯ್ದ. ಸಂಜೆಯ ಬಿಸಿಲಲ್ಲಿ ಹುಡಿ ಹಾರಿ ಮೂವರ ಕೂದಲ ಮೇಲೂ ಕೂತಿತು. ಕಟ್ಟೆ ನೆಟ್ಟಗೆ ನಿಲ್ಲಿಸಿದ ಮೇಲೆ ಹೆಂಡತಿ ಕಾಲುಮಣೆ ಸರಿಸಿ ಬರಿಗಾಲಲ್ಲಿ ಒಲೆಯ ಮುಂದೆ ನಿಂತಳು. ಭುಜ ಕೆಳಗಿಳಿದೇ ಇತ್ತು.

“ಇಲ್ಲಿ ನೆಲ ಇಷ್ಟು ತಣ್ಣಗಿತ್ತಾ!” ಎಂದಳು.

ಗಂಟೆ ನಾಲ್ಕೂವರೆ. ಬಡಗಿ ಉಳಿಯ ಕೆಳಗಿನ ಅರ್ಜಿ ತೆಗೆದು, ಕಿವಿಯ ಸಂದಿನ ಪೆನ್ಸಿಲು ಹಿಡಿದ.

“ಅಪ್ಪ, ಪೆನ್ನು! ಪೆನ್ಸಿಲ್ ನಡೆಯಲ್ಲ!”

“ಸರಿ, ಪೆನ್ನು ಕೊಡೇ ಮಾರಾಯ್ತಿ. ಒಂದು ಮಾತು ಕೇಳು. ನಾನು ಕಟ್ಟೆ ಮಾಡಿದವನು, ನಿಮ್ಮಮ್ಮ ಅಡುಗೆ ಮಾಡಿದವಳು, ನರ್ಸಕ್ಕ ನೋವು ನೋಡಿದವರು. ಮೂವರೂ ಮೂರು ಮೂಲೆಯಲ್ಲಿ ನಿಂತಿದ್ವಿ, ಒಬ್ಬರಿಗೂ ಪೂರ್ತಿ ಕಾಣಲಿಲ್ಲ. ಅದನ್ನೆಲ್ಲ ಒಂದೇ ಕಡೆ ಸೇರಿಸಿ ನೋಡೋಕೆ ಕಲಿಸ್ತಾರೆ ತಾನೇ ಅಲ್ಲಿ?”

“ಹೂಂ ಅಪ್ಪ.”

“ಹಾಗಾದ್ರೆ ಓಡು.”

ಯಾಕಮ್ಮ ಓಡಿದಳು. ತಲೆಯ ತುಂಬ ಮರದ ಹುಡಿ ಹೊತ್ತುಕೊಂಡೇ ಕಾಲೇಜಿನ ಕಿಟಕಿಯ ಮುಂದೆ ನಿಂತಳು. ಗುಮಾಸ್ತರು ಗಡಿಯಾರ ನೋಡಿದರು, ಐದಕ್ಕೆ ಏಳು ನಿಮಿಷ ಇತ್ತು, ಅರ್ಜಿ ತೆಗೆದುಕೊಂಡರು.

ಅತ್ತ ಬಡಗಿ ಅಳತೆಗೋಲಿನ ಮೂರನೇ ಗೀರನ್ನು ಕೀಸಿ ಹಾಕಿದ. ಬೋರ್ಡು ಅಳಿಸಿ ಹೊಸದಾಗಿ ಬರೆದ: ‘ಅಡುಗೆ ಮಾಡುವವರು ಬಂದು ಮೊಣಕೈ ಅಳತೆ ಕೊಡಿ. ಹಳೆಯ ಕಟ್ಟೆ ಇದ್ದವರೂ ಬನ್ನಿ, ಕಾಲು ಕೊಯ್ದು ಕೊಡುತ್ತೇನೆ.’ ಮೊದಲು ಬಂದವರು ಮೂಲೆಮನೆಯ ಅಜ್ಜಿ, ನಾಲ್ಕನೇ ದಿಂಬು ಕೊಳ್ಳಲು ಹೊರಟವರು ಬೋರ್ಡು ಓದಿ ಅರ್ಧದಾರಿಯಲ್ಲೇ ತಿರುಗಿದ್ದರು. ಹೆಂಡತಿಯ ಕಾಲುಮಣೆಯನ್ನು ಎಸೆಯಲಿಲ್ಲ. ಅದು ಈಗ ಯಾಕಮ್ಮನ ಪುಸ್ತಕದ ಹಲಗೆ.

ಕೇಳಿಸಿಕೊಂಡಿರಲ್ಲ ಅಕ್ಕ, ಅಣ್ಣ, ಅಪ್ಪ, ಅಮ್ಮ? ನಿಮ್ಮ ಮನೆಯ ಮಗಳೋ ಮಗನೋ ಲಿಂಗತ್ವ ಅಧ್ಯಯನ ಓದುತ್ತೇನೆ ಎಂದು ಅರ್ಜಿ ತಂದರೆ ಗೇಲಿ ಮಾಡಬೇಡಿ. ಕಾಲೇಜಿಗೆ ಹೋಗಿ ಏನೇನು ಪಾಠ ಇದೆ, ಮುಂದೆ ಏನು ಓದಬಹುದು, ಯಾವ ಕೆಲಸಕ್ಕೆ ದಾರಿ ಇದೆ ಎಂದು ಕೇಳಿ ತಿಳಿದುಕೊಳ್ಳಿ. ಓದಿ ಮುಗಿಸಿದವರನ್ನು ಹುಡುಕಿ ಮಾತಾಡಿಸಿ. ಅರ್ಜಿಯ ಕೊನೆಯ ದಿನ ಯಾವುದೆಂದು ಇವತ್ತೇ ಗುರುತು ಹಾಕಿಕೊಳ್ಳಿ. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ನಿಮ್ಮ ಅಡುಗೆಮನೆಗೆ ಹೋಗಿ, ಅಲ್ಲಿ ದಿನವೂ ನಿಲ್ಲುವವರ ಭುಜದ ಕಡೆ ಒಂದು ಸಲ ನೋಡಿ. ನೋಡಿ ಬಂದು, ಪೆನ್ನು ತೆಗೆದುಕೊಳ್ಳಿ.