ಮಾಕಳಿ ಬೇರಿಗೆ ಆತುರ ಬೇಡ

ಬಂಡಳ್ಳಿಯ ಮಹಾದೇವಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಹಾಕುವ ಮಾಕಳಿ ಬೇರಿನ ಉಪ್ಪಿನಕಾಯಿಯಿಂದಲೇ ಹೆಂಗಸರ ಸಂಘ ನಡೆಯುತ್ತಿತ್ತು. ಬಳ್ಳಿಯಂತೆ ಹಬ್ಬುವ ಆ ಗಿಡವನ್ನು ಜನ ಬುಡಸಮೇತ ಕಿತ್ತು ಕಿತ್ತು, ಈಗ ಸುತ್ತಲ ಗುಡ್ಡದಲ್ಲಿ ಒಂದು ಬೇರೂ ಸಿಗುತ್ತಿಲ್ಲ. ಜಾಡಿಗಳೆಲ್ಲ ಖಾಲಿ.

ಪಕ್ಕದ ಮನೆಯ ಕುಸುಮ ಕೊಳ್ಳೇಗಾಲದ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದಾಳೆ. ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿದ ಹನ್ನೆರಡು ಮಾಕಳಿ ಸಸಿ ತಂದುಕೊಟ್ಟಳು. ಮಹಾದೇವಮ್ಮ ಹಿತ್ತಲಲ್ಲಿ ನೆಟ್ಟಳು. ತಿಂಗಳು ತುಂಬುವಷ್ಟರಲ್ಲಿ ಎಂಟು ಒಣಗಿದವು.

"ನೋಡ್ದಾ ಕುಸುಮಾ, ಬಾಟ್ಲೀಲಿ ಉಟ್ಟಿದ್ದು ಮಣ್ಣಲ್ಲಿ ಬದುಕ್ತದಾ? ನಿನ್ನ ಮಾತು ಕಟ್ಕಂಡು ಕೆಟ್ಟೆ!"

ಕುಸುಮ ಸತ್ತ ಸಸಿಯೊಂದನ್ನು ಎತ್ತಿ ನೋಡಿದಳು. ಬೇರು ಮುರಿದಿತ್ತು. "ಅತ್ತೆ, ನಿಜ ಏಳಿ. ಇದನ್ನ ಯಾರು ಕಿತ್ತಿದ್ದು?"

ಮಹಾದೇವಮ್ಮ ಸೆರಗು ಸರಿಮಾಡಿಕೊಂಡಳು. ಗಂಡ ಪುಟ್ಟಮಲ್ಲಪ್ಪ ಜಗಲಿಯಿಂದಲೇ ನಕ್ಕ. "ಅವ್ಳೇ ಕಣವ್ವ. ದಿನಾ ಒಂದು ಕಿತ್ಕಂಡು ಮೂಸೋದು, ತಿರ್ಗ ನೆಡೋದು. ಸಾರಿಗೆ ಉಪ್ಪು ನೋಡ್ದಂಗೆ!"

"ಇನ್ನೇನ್ ಮಾಡ್ಲಿ? ಗಮಲು ಇಲ್ದಿದ್ರೆ ಅದು ಮಾಕಳಿನಾ? ಗಮಲೇ ಬರ್ನಿಲ್ಲ ಕಣವ್ವ!" ಅವಳ ಕಣ್ಣು ತುಂಬಿತು. "ಸಂಘದ ಎಂಗಸ್ರೆಲ್ಲಾ ನನ್ನ ಮೊಕಾನೇ ನೋಡ್ತಾ ಕೂತವ್ರೆ."

ಅಯ್ಯೋ ಪಾಪ! ಅವಳ ಆತುರವೇ ಸಸಿಗಳಿಗೆ ಮುಳುವಾಗಿತ್ತು.

"ಅತ್ತೆ, ಆ ಗಮಲು ಬೇರೊಳಗಿನ ಒಂದು ರಾಸಾಯನಿಕದಿಂದ ಬರೋದು. ಗಿಡಾನೇ ಅದನ್ನ ತಯಾರು ಮಾಡ್ಕಂಡು, ಬೇರು ದಪ್ಪ ಆದಂಗೆಲ್ಲಾ ತುಂಬ್ಕತದೆ. ಎರಡು ಮೂರು ವರ್ಸ ಬೇಕು. ಲ್ಯಾಬಲ್ಲಿ ಯಾವ ಮಾಯಾನೂ ಮಾಡಾಕಿಲ್ಲ. ಒಳ್ಳೆ ತಾಯಿಗಿಡದ ಕುಡಿ ಚೂರು ತಕಂಡು, ಬಾಟ್ಲೀಲಿ ಸಾಕಿ, ಒಂದ್ರಿಂದ ನೂರು ಮಾಡ್ತಾರೆ. ತಾಯಿ ಗುಣವೇ ಮಕ್ಳಿಗೂ. ಮಾವನ ತೋಟದ ಬಾಳೆನೂ ಅಂಗೇ ಬಂದದ್ದು."

"ಔದಾ?" ಮಹಾದೇವಮ್ಮ ಗಂಡನತ್ತ ತಿರುಗಿದಳು.

"ಔದು ಕಣೆ. ಅಣ್ಣು ತಿನ್ನೋವಾಗ ನೀನು ಕೇಳ್ನಿಲ್ಲ!"

ಮಹಾದೇವಮ್ಮ ಆವತ್ತೇ ಮುಳ್ಳು ಕಡಿದು ತಂದು ಉಳಿದ ನಾಲ್ಕು ಸಸಿಗೂ ಒತ್ತಾಗಿ ಬೇಲಿ ಕಟ್ಟಿದಳು.

"ಮೇಕೆ ಕಾಟವಾ ಅತ್ತೆ?" ಕುಸುಮ ಕೇಳಿದಳು.

"ಮೇಕೆಗಲ್ಲ ಕಣವ್ವ, ನನಗೆ!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗುಡ್ಡದ ಔಷಧಿ ಗಿಡಗಳನ್ನು ಬುಡಸಮೇತ ಕೀಳಬೇಡಿ. ನಂಬಿಕೆಯ ನರ್ಸರಿಯಿಂದ ಲ್ಯಾಬ್ ಸಸಿ ತನ್ನಿ, ಮೊದಲ ಕೆಲವು ವಾರ ನೆರಳಲ್ಲಿಟ್ಟು ಸಾಕಿ. ಬೇರು ತೆಗೆಯುವ ಕಾಲ ಬಂದಾಗಲೂ ಒಂದಿಷ್ಟು ಮಣ್ಣಲ್ಲೇ ಬಿಡಿ, ಗಿಡ ಮತ್ತೆ ಚಿಗುರಲಿ. ನಿಮ್ಮ ಮಕ್ಕಳೂ ಆ ಉಪ್ಪಿನಕಾಯಿಯ ರುಚಿ ನೋಡಬೇಕಲ್ಲವೇ?